ಬೆದರಿಕೆಗೆ ಬಲ ಕೊಟ್ಟವರು

2012ರ ಸೆಪ್ಟೆಂಬರ್‌ನಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾದ ಅಮಾಂಡಾ ಟಾಡ್ ಎಂಬ 15 ವರ್ಷದ ಹುಡುಗಿ ಯೂಟ್ಯೂಬಿಗೆ ಒಂದು ವಿಡಿಯೊ ಹಾಕಿದಳು. ಸುಮಾರು ಒಂಬತ್ತು ನಿಮಿಷದ ಆ ವಿಡಿಯೊದಲ್ಲಿ ಅವಳು ಒಂದು ಮಾತೂ ಆಡುವುದಿಲ್ಲ. ಬಿಳಿ ಕಾರ್ಡುಗಳ ಮೇಲೆ ಕಪ್ಪು ಮಾರ್ಕರಿನಲ್ಲಿ ಬರೆದುಕೊಂಡ ಸಾಲುಗಳನ್ನು ಒಂದಾದ ಮೇಲೊಂದರಂತೆ ಕ್ಯಾಮೆರಾದ ಮುಂದೆ ಹಿಡಿಯುತ್ತ ಹೋಗುತ್ತಾಳೆ. ಮುಖ ಪೂರ್ತಿ ಕಾಣುವುದೇ ಇಲ್ಲ.

ಕಾರ್ಡುಗಳು ಹೇಳುವುದಿಷ್ಟು. ಏಳನೇ ತರಗತಿಯಲ್ಲಿದ್ದಾಗ ಗೆಳತಿಯರ ಜೊತೆ ಸೇರಿ ವೆಬ್‌ಕ್ಯಾಮ್‌ನಲ್ಲಿ ಹೊಸಬರೊಂದಿಗೆ ಹರಟುತ್ತಿದ್ದಳು. ಅಪರಿಚಿತರು ಚೆಂದ ಇದ್ದೀಯ ಎಂದು ಹೊಗಳಿದರು, ಮೈ ತೋರಿಸು ಎಂದರು. ಒಂದು ಕ್ಷಣ ತೋರಿಸಿದಳು. ವರ್ಷ ಕಳೆದ ಮೇಲೆ ಫೇಸ್‌ಬುಕ್ಕಿನಲ್ಲಿ ಒಬ್ಬನಿಂದ ಬೆದರಿಕೆ ಬಂತು. ಇನ್ನಷ್ಟು ತೋರಿಸದಿದ್ದರೆ ಆ ಕ್ಷಣದಲ್ಲಿ ಸೆರೆಹಿಡಿದ ಚಿತ್ರ ಎಲ್ಲರಿಗೂ ಹೋಗುತ್ತದೆ. ಅವಳ ವಿಳಾಸ, ಶಾಲೆ, ಬಂಧುಗಳು, ಗೆಳೆಯರು ಎಲ್ಲವೂ ಅವನಿಗೆ ಗೊತ್ತಿತ್ತು. ಕ್ರಿಸ್‌ಮಸ್ ರಜೆಯಲ್ಲಿ ಬೆಳಗಿನ ಜಾವ ನಾಲ್ಕಕ್ಕೆ ಪೊಲೀಸರು ಬಾಗಿಲು ತಟ್ಟಿದರು. ಚಿತ್ರ ಆಗಲೇ ಹರಡಿತ್ತು. ಶಾಲೆ ಬದಲಿಸಿದಳು. ಆತ ಅದೇ ಶಾಲೆಗೆ ಹೊಸದಾಗಿ ಸೇರುವ ವಿದ್ಯಾರ್ಥಿಯ ಸೋಗು ಹಾಕಿ ಅಲ್ಲಿನ ಮಕ್ಕಳ ಸ್ನೇಹ ಗಳಿಸಿ, ಚಿತ್ರವನ್ನು ಅವರಿಗೂ ಕಳಿಸಿದ. ವಿಡಿಯೊ ಹಾಕಿದ ಮರುತಿಂಗಳು, ಅಕ್ಟೋಬರ್ 10ರಂದು, ಅಮಾಂಡಾ ಪ್ರಾಣ ಕಳೆದುಕೊಂಡಳು.

ಬೆದರಿಸಿದವನು ನೆದರ್ಲೆಂಡ್ಸಿನ ಐಡಿನ್ ಕೋಬಾನ್. ಅವಳ ಬೆನ್ನು ಬೀಳಲು ಅವನು 22 ನಕಲಿ ಖಾತೆಗಳನ್ನು ಬಳಸಿದ್ದನೆಂದು ವಿಚಾರಣೆಯಲ್ಲಿ ಹೊರಬಂತು. 2022ರಲ್ಲಿ ಕೆನಡಾದ ನ್ಯಾಯಾಲಯ 13 ವರ್ಷ ಶಿಕ್ಷೆ ವಿಧಿಸಿತು.

ಇಂಥ ಸುದ್ದಿ ಓದಿದ ಕೂಡಲೇ ನಮ್ಮ ಮನೆಗಳಲ್ಲಿ ಏಳುವ ಮೊದಲ ಮಾತು, "ಅವಳ್ಯಾಕೆ ತೋರಿಸಬೇಕಿತ್ತು?" ಎಳೆಯ ಮಗುವೊಂದು ಕ್ಷಣಕಾಲ ಎಡವಿದ್ದನ್ನು, ಬೆಳೆದ ಗಂಡಸೊಬ್ಬ ವರ್ಷಗಟ್ಟಲೆ ಕೂತು ಮಾಡಿದ ಕೆಲಸದ ಪಕ್ಕದಲ್ಲಿಟ್ಟು ತೂಗುವುದೇ ಅನ್ಯಾಯ. ಆದರೆ ನನ್ನನ್ನು ಹೆಚ್ಚು ಕಾಡುವವರು ಸಹಪಾಠಿಗಳು. ಬೆದರಿಸಿದವನು ಇದ್ದದ್ದು ಸಮುದ್ರದಾಚೆ. ಅವಳನ್ನು ಆಡಿಕೊಂಡವರು, ಹೊಡೆದವರು, ಊಟದ ಹೊತ್ತಿನಲ್ಲಿ ಒಂಟಿಯಾಗಿ ಕೂರಿಸಿದವರು ಅವಳ ವಾರಿಗೆಯವರೇ. ನಾಲ್ಕು ಜನ ನಗುತ್ತಾರೆ ಎಂಬ ಭರವಸೆ ಇರದಿದ್ದರೆ ಆ ಬೆದರಿಕೆಗೆ ಬಲವೇ ಇರುತ್ತಿರಲಿಲ್ಲ.

ಆದ್ದರಿಂದ ಅಪ್ಪ ಅಮ್ಮಂದಿರ ಕೆಲಸ ಫೋನಿಗೆ ಪಾಸ್‌ವರ್ಡ್ ಹಾಕಿದಲ್ಲಿಗೆ ಮುಗಿಯುವುದಿಲ್ಲ. ನಮ್ಮ ಮಗಳಿಗೆ ಬೆದರಿಕೆ ಬಂದರೆ ಎಂಬ ಭಯ ಎಲ್ಲರಿಗೂ ಇದೆ. ನಮ್ಮ ಮಗನ ಫೋನಿಗೆ ಇನ್ನೊಬ್ಬರ ಮಗಳ ಚಿತ್ರ ಬಂದರೆ? ಅದನ್ನು ಫಾರ್ವರ್ಡ್ ಮಾಡುವುದು ಐಟಿ ಕಾಯ್ದೆಯ 67ಬಿ ಕಲಮಿನಡಿ ಅಪರಾಧ ಎಂದು ಅವನಿಗೆ ಹೇಳಿದ್ದೇವೆಯೇ? ಅದಕ್ಕೂ ಮೊದಲು, ಅದು ನೀಚತನ ಎಂದು ಹೇಳಿದ್ದೇವೆಯೇ?

ಬೆದರಿಕೆಗೆ ಸಿಕ್ಕ ಮಗು ಬಾಯಿ ಬಿಡದಿರುವುದು ನಮಗೆ ಹೆದರಿ. ಬೈಯುತ್ತಾರೆ, ಫೋನ್ ಕಿತ್ತುಕೊಳ್ಳುತ್ತಾರೆ, ಹುಡುಗಿಯಾದರೆ ಓದೇ ಬಿಡಿಸುತ್ತಾರೆ. ಬೆದರಿಸುವವನಿಗೆ ಇದು ಚೆನ್ನಾಗಿ ಗೊತ್ತು. "ನೀನು ಏನೇ ಮಾಡಿಕೊಂಡಿದ್ದರೂ ಮೊದಲು ನನಗೆ ಹೇಳು, ನಿನ್ನ ಫೋನ್ ಕಿತ್ತುಕೊಳ್ಳುವುದಿಲ್ಲ, ಶಾಲೆ ಬಿಡಿಸುವುದಿಲ್ಲ" ಎಂಬ ಮಾತು ಮಕ್ಕಳ ಕಿವಿಗೆ ಮುಂಚೆಯೇ ಬಿದ್ದಿರಬೇಕು. ಕೊಟ್ಟ ಮೇಲೆ ಆ ಮಾತಿಗೆ ತಪ್ಪಲೂಬಾರದು.

ಬೆದರಿಕೆ ಬಂದರೆ ಹಣ ಕೊಡಬೇಡಿ, ಸಂದೇಶಗಳನ್ನು ಅಳಿಸಬೇಡಿ, ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಮಗುವಿನ ಇಂಥ ಚಿತ್ರ ತೋರಿಸುತ್ತೇನೆಂದು ಬೆದರಿಸುವುದೇ ಪೋಕ್ಸೊ ಕಾಯ್ದೆಯಡಿ ಅಪರಾಧ, ಚಿತ್ರ ಹೊರಬೀಳುವ ತನಕ ಕಾಯಬೇಕಿಲ್ಲ. ಕೇಂದ್ರ ಸರ್ಕಾರದ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಮಕ್ಕಳ ಲೈಂಗಿಕ ಚಿತ್ರಗಳ ಬಗ್ಗೆ ಹೆಸರು ಹೇಳದೆಯೂ ದೂರು ಕೊಡಬಹುದು. ಮಕ್ಕಳ ಸಹಾಯವಾಣಿ 1098 ಹಗಲೂ ರಾತ್ರಿ ತೆರೆದಿರುತ್ತದೆ, ಕರೆ ಉಚಿತ. ಆ ಸಂಖ್ಯೆಯನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿ.