ಮಡಿಲಿನ ಮಗು ಮತ್ತು ನಮ್ಮ ತವಕ್ಕುಲ್



ಕೊಲ್ಲಿಯಿಂದ ರಜೆಯಲ್ಲಿ ಬಂದಿದ್ದ ಬಂಧುವೊಬ್ಬರು ನಮ್ಮ ಕುಟುಂಬವನ್ನು ಕಾರಿನಲ್ಲಿ ಒಂದು ನಿಕಾಹ್‌ಗೆ ಕರೆದೊಯ್ದರು. ಅವರ ಪತ್ನಿ ಮುಂದಿನ ಸೀಟಿನಲ್ಲಿದ್ದರು, ಒಂದೂವರೆ ವರ್ಷದ ಮಗು ಅವರ ಮಡಿಲಿನಲ್ಲಿತ್ತು. ದಾರಿಯ ತಿರುವಿನಲ್ಲಿ ದನವೊಂದು ಅಡ್ಡ ಬಂತು. ಬ್ರೇಕ್ ಹಾಕಿದ ರಭಸಕ್ಕೆ ಮಗು ತಾಯಿಯ ಕೈಯಿಂದ ಜಾರಿ ಮುಂದಕ್ಕೆ ಮುಗ್ಗರಿಸಿತು. ಅಲ್‌ಹಮ್ದುಲಿಲ್ಲಾಹ್, ಹಣೆಯಲ್ಲೊಂದು ಊತ ಬಂದದ್ದು ಬಿಟ್ಟರೆ ಬೇರೇನೂ ಆಗಲಿಲ್ಲ.

"ಅಲ್ಲಿಯೂ ಮಗುವನ್ನು ಹೀಗೆಯೇ ಕೂರಿಸುತ್ತೀರಾ?" ಎಂದು ನಾನು ಕೇಳಿದೆ.

"ಅಲ್ಲಿ ಸಾಧ್ಯವೇ ಉಸ್ತಾದರೇ? ದಂಡ ಬೀಳುತ್ತದೆ. ಅಲ್ಲಿ ಮಗುವಿಗೆಂದೇ ಬೇರೆ ಸೀಟಿದೆ" ಎಂದರು ಅವರು.

ಹಿಂದೆ ನನ್ನ ಪಕ್ಕ ಕುಳಿತಿದ್ದ ಅವರ ತಂದೆ, "ಎಲ್ಲವೂ ಅಲ್ಲಾಹನ ವಿಧಿ. ಆಯುಸ್ಸು ಮುಗಿದರೆ ಮಲಕುಲ್ ಮೌತನ್ನು ಯಾವ ಬೆಲ್ಟು ತಡೆದೀತು?" ಎಂದರು.

ನಾನು ಸುಮ್ಮನಾದೆ. ಉತ್ತರ ತಿಳಿಯದೆ ಸುಮ್ಮನಾದದ್ದಲ್ಲ. ಅಂದು ಬೆಳಿಗ್ಗೆ ತಾನೇ ನನ್ನ ಕಿರಿಯ ಮಗನನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಮದ್ರಸಕ್ಕೆ ಹೋಗಿದ್ದೆ. ಪಾಠ ಹೇಳುವ ಬಾಯಿ ನನ್ನದಾಗಿದ್ದರೂ ಅಪರಾಧವೂ ನನ್ನದೇ ಆಗಿತ್ತು.

ಆದರೆ ಅಂದಿನ ಆ ಎರಡು ಮಾತುಗಳು ನನ್ನನ್ನು ಬಿಡಲಿಲ್ಲ. ಒಂದು, ದಂಡದ ಭಯವಿದ್ದಲ್ಲಿ ಮಾತ್ರ ಜಾಗ್ರತೆ. ಇನ್ನೊಂದು, ವಿಧಿಯ ಹೆಸರಿನಲ್ಲಿ ಜಾಗ್ರತೆಯೇ ಬೇಡವೆಂಬ ನಿರಾಳ. ಇವೆರಡನ್ನೂ ನಾವು ಪರಿಶೀಲಿಸಬೇಕಾಗಿದೆ.

ಮೊದಲು ವಿಧಿಯ ಮಾತು. ಒಂಟೆಯನ್ನು ಕಟ್ಟಿ ಅಲ್ಲಾಹನ ಮೇಲೆ ಭರವಸೆಯಿಡಬೇಕೇ ಅಥವಾ ಕಟ್ಟದೆ ಬಿಟ್ಟು ಭರವಸೆಯಿಡಬೇಕೇ ಎಂದು ಕೇಳಿದವನಿಗೆ ಪ್ರವಾದಿ(ಸ)ಯವರು ಮೊದಲು ಕಟ್ಟುವಂತೆ ಹೇಳಿದ ಹದೀಸ್ ನಮಗೆಲ್ಲರಿಗೂ ಗೊತ್ತು. ಮಿಂಬರಿನಿಂದ ಅದನ್ನು ಎಷ್ಟು ಸಲ ಕೇಳಿಲ್ಲ! ಉಹುದ್ ಯುದ್ಧದಂದು ಅವರು ಒಂದರ ಮೇಲೊಂದು ಎರಡು ಕವಚಗಳನ್ನು ಧರಿಸಿದ್ದರೆಂದೂ ವರದಿಯಿದೆ. ಅವರಿಗಿಂತ ಮಿಗಿಲಾದ ತವಕ್ಕುಲ್ ಯಾರಿಗಿತ್ತು? ಹಾಗಿದ್ದೂ ಆ ದಿನ ಅವರ ಮುಖಕ್ಕೆ ಗಾಯವಾಯಿತು, ಹಲ್ಲು ಮುರಿಯಿತು. ಕವಚವು ಗಾಯವೇ ಆಗದೆಂಬ ಖಾತರಿಯನ್ನು ಕೊಡಲಿಲ್ಲ. ಖಾತರಿಯಿಲ್ಲವೆಂದು ಅವರು ಕವಚವನ್ನು ಬಿಟ್ಟು ಹೋಗಲೂ ಇಲ್ಲ. ಮುನ್ನೆಚ್ಚರಿಕೆ ದಾಸನ ಕರ್ತವ್ಯ, ಫಲಿತಾಂಶ ಒಡೆಯನ ಕೈಯಲ್ಲಿ. ಇದೇ ತವಕ್ಕುಲ್.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಒಬ್ಬ ವಯಸ್ಕನು ತನ್ನ ದೇಹವನ್ನು ಅಪಾಯಕ್ಕೊಡ್ಡಿ ಅದನ್ನು ಭರವಸೆಯೆಂದು ಕರೆದರೆ ಅವನ ತಪ್ಪಿನ ಬೆಲೆಯನ್ನು ಅವನೇ ತೆರುತ್ತಾನೆ. ಮಡಿಲಿನ ಮಗುವಿನ ವಿಷಯ ಹಾಗಲ್ಲ. ಅದು ಏನನ್ನೂ ಆರಿಸಿಕೊಂಡಿಲ್ಲ. ತವಕ್ಕುಲ್ ನಮ್ಮದು, ಒಡೆಯುವ ತಲೆ ಅದರದು! ಇನ್ನೊಬ್ಬರ ಪ್ರಾಣವನ್ನು ಪಣವಿಟ್ಟು ತೋರಿಸುವ ಭರವಸೆ ಎಂತಹ ಭರವಸೆ? ಮಗು ನಮ್ಮ ಸೊತ್ತಲ್ಲ, ಅಲ್ಲಾಹನು ನಮ್ಮ ಕೈಗಿತ್ತ ಅಮಾನತ್. ಪ್ರತಿಯೊಬ್ಬನೂ ಒಬ್ಬ ಕುರುಬನಂತೆ, ತನ್ನ ಮಂದೆಯ ಕುರಿತು ಅವನನ್ನು ಪ್ರಶ್ನಿಸಲಾಗುವುದು ಎಂದು ಪ್ರವಾದಿ(ಸ)ಯವರು ಎಚ್ಚರಿಸಿದ್ದಾರೆ. ನೆರೆಯವನು ನಂಬಿ ಕೊಟ್ಟ ಚಿನ್ನವನ್ನು ಬೀಗವಿಲ್ಲದೆ ಬೀದಿಯಲ್ಲಿಟ್ಟು, ಕಳೆದುಹೋದಾಗ "ವಿಧಿ" ಎಂದರೆ ನಾವು ಒಪ್ಪುತ್ತೇವೆಯೇ?

ಹಾಗಾದರೆ ವಿಧಿಯ ಮಾತಿಗೆ ಸ್ಥಾನವೇ ಇಲ್ಲವೇ? ಖಂಡಿತ ಇದೆ. ಮಾಡಬೇಕಾದುದನ್ನೆಲ್ಲ ಮಾಡಿದ ಬಳಿಕವೂ ಬರುವ ಆಪತ್ತಿನಲ್ಲಿ ಅದು ಹೃದಯಕ್ಕೆ ಆಧಾರ. ಮಗುವನ್ನು ಕಳಕೊಂಡ ತಂದೆತಾಯಿಯನ್ನು ಚುಚ್ಚುವ ಹಕ್ಕು ನಮಗಾರಿಗೂ ಇಲ್ಲ. ಅವರಿಗೆ ವಿಧಿಯ ನೆನಪು ಸಾಂತ್ವನ. ಆದರೆ ನಾಳೆಯ ಪ್ರಯಾಣಕ್ಕೆ ಹೊರಡುವವನಿಗೆ ಅದು ನೆಪವಾಗಕೂಡದು.

"ತಾಯಿಯ ಅಪ್ಪುಗೆಗಿಂತ ಭದ್ರವಾದುದು ಯಾವುದಿದೆ?" ಎಂದು ಕೆಲವರು ಕೇಳುತ್ತಾರೆ. ಪ್ರೀತಿಯ ಮಟ್ಟಿಗೆ ನಿಜ, ಬಲದ ಮಟ್ಟಿಗೆ ಅಲ್ಲ. ಗಂಟೆಗೆ 50 ಕಿ.ಮೀ. ವೇಗದ ಕಾರು ಡಿಕ್ಕಿ ಹೊಡೆದು ಒಂದು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತಿತೆನ್ನಿ. ಆಗ 10 ಕಿಲೋ ತೂಕದ ಮಗುವನ್ನು ತಡೆದು ಹಿಡಿಯಲು ಸುಮಾರು 140 ಕಿಲೋ ಭಾರವನ್ನು ಎತ್ತುವಷ್ಟು ಬಲ ಬೇಕು. ಯಾವ ತಾಯಿಯ ತೋಳಿಗೂ ಅದು ಸಾಧ್ಯವಿಲ್ಲ. ತಾಯಿ ಬೆಲ್ಟ್ ಹಾಕದಿದ್ದರೆ ಅವಳ ದೇಹದ ಭಾರವೂ ಮಗುವಿನ ಮೇಲೆಯೇ ಬೀಳುತ್ತದೆ. ಒಂದೇ ಬೆಲ್ಟಿನೊಳಗೆ ಇಬ್ಬರನ್ನೂ ಬಿಗಿದರೂ ಮಗು ನಡುವೆ ನಜ್ಜುಗುಜ್ಜಾಗುತ್ತದೆ. ಮಕ್ಕಳ ಸೀಟನ್ನು ಸರಿಯಾಗಿ ಬಳಸಿದರೆ ಅಪಘಾತದಲ್ಲಿ ಮಕ್ಕಳ ಸಾವು ಶೇಕಡಾ 60ರಷ್ಟು ಕಡಿಮೆಯಾಗಬಲ್ಲದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಸೀಟನ್ನು ಆರಿಸುವಾಗ ಮಗುವಿನ ವಯಸ್ಸಿನೊಂದಿಗೆ ತೂಕ ಮತ್ತು ಎತ್ತರವನ್ನೂ ನೋಡಬೇಕು. ಶಿಶುವಿನ ತಲೆ ಭಾರ, ಕುತ್ತಿಗೆ ಎಳೆಯದು. ಆದ್ದರಿಂದ ಅದರ ಮುಖ ಕಾರಿನ ಹಿಂಬದಿಗೆ ತಿರುಗಿರುವ ಸೀಟು ಬೇಕು. ಆಗ ಹೊಡೆತ ಕುತ್ತಿಗೆಯೊಂದಕ್ಕೇ ಬೀಳದೆ ಇಡೀ ಬೆನ್ನಿಗೆ ಹಂಚಿಹೋಗುತ್ತದೆ. ಕನಿಷ್ಠ 15 ತಿಂಗಳವರೆಗೆ, ಸೀಟಿನ ಮಿತಿಯೊಳಗೆ ಇನ್ನೂ ಹೆಚ್ಚು ಕಾಲ, ಹೀಗೆಯೇ ಕೂರಿಸುವುದು ಒಳ್ಳೆಯದು. ಏರ್‌ಬ್ಯಾಗ್ ಇರುವ ಮುಂದಿನ ಸೀಟಿನಲ್ಲಿ ಇದನ್ನು ಎಂದಿಗೂ ಇಡಬಾರದು. ಸಿಡಿದು ತೆರೆದುಕೊಳ್ಳುವ ಏರ್‌ಬ್ಯಾಗೇ ಮಗುವಿಗೆ ಮಾರಕವಾದೀತು. ಮಗು ಬೆಳೆದಂತೆ ಮುಂದೆ ಮುಖಮಾಡಿದ, ಪಟ್ಟಿಗಳಿರುವ ಸೀಟು. ಅನಂತರ ಎತ್ತರಿಸುವ ಬೂಸ್ಟರ್ ಸೀಟು. ದೊಡ್ಡವರ ಬೆಲ್ಟ್ ಕುತ್ತಿಗೆಯನ್ನು ಬಿಟ್ಟು ಭುಜದ ಮೇಲೆ, ಹೊಟ್ಟೆಯನ್ನು ಬಿಟ್ಟು ಸೊಂಟದ ಎಲುಬಿನ ಮೇಲೆ ಕೂರುವವರೆಗೆ ಬೂಸ್ಟರ್ ಬೇಕು. ಪಟ್ಟಿ ಸಡಿಲವಾಗಿದ್ದರೆ ಸೀಟಿದ್ದೂ ಇಲ್ಲದಂತೆ. ಹಳೆಯ ಸೀಟನ್ನು ಕೊಳ್ಳುವವರು ಅದು ಅಪಘಾತಕ್ಕೊಳಗಾಗಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು.

ಈಗ ದಂಡದ ಮಾತು. ಸಂಯುಕ್ತ ಅರಬ್ ಸಂಸ್ಥಾನವು 2017ರಲ್ಲಿ ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಇಂತಹ ಸೀಟನ್ನು ಕಡ್ಡಾಯಗೊಳಿಸಿ, ತಪ್ಪಿದವರಿಗೆ 400 ದಿರ್ಹಮ್ ದಂಡ ವಿಧಿಸಿತು. ನಮ್ಮ ದೇಶದಲ್ಲಿಯೂ 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯು 14 ವರ್ಷದೊಳಗಿನ ಮಗುವನ್ನು ಬೆಲ್ಟ್ ಅಥವಾ ಮಕ್ಕಳ ಸೀಟಿಲ್ಲದೆ ಒಯ್ದರೆ 1000 ರೂಪಾಯಿ ದಂಡವನ್ನು ಹೇಳಿದೆ. ನಾಲ್ಕು ವರ್ಷದೊಳಗಿನ ಮಗುವನ್ನು ದ್ವಿಚಕ್ರ ವಾಹನದಲ್ಲಿ ಒಯ್ಯುವಾಗ ಸವಾರನಿಗೆ ಜೋಡಿಸುವ ಸುರಕ್ಷಾ ಪಟ್ಟಿ, ಮಗುವಿಗೆ ಹೆಲ್ಮೆಟ್ ಮತ್ತು 40 ಕಿ.ಮೀ. ಮೀರದ ವೇಗ ಇರಬೇಕೆಂಬ ನಿಯಮ 2023ರ ಫೆಬ್ರವರಿಯಲ್ಲಿ ಜಾರಿಗೆ ಬಂತು. ಆದರೆ ಪೊಲೀಸನು ನೋಡುವಲ್ಲಿ ಮಗುವಿನ ಪ್ರಾಣಕ್ಕೆ ಬೆಲೆಕೊಟ್ಟು, ನೋಡದಲ್ಲಿ ಮರೆಯುವವನು ಯಾರಿಗೆ ಭಯಪಟ್ಟಂತಾಯಿತು? ಎಲ್ಲೆಡೆಯೂ ನೋಡುವವನೊಬ್ಬನಿದ್ದಾನೆಂದು ನಂಬಿದ ಸಮುದಾಯ ನಮ್ಮದು.

"ಸೀಟು ದುಬಾರಿ" ಎನ್ನುವವರ ಮಾತನ್ನು ನಾನು ತಳ್ಳಿಹಾಕಲಾರೆ. ಎಲ್ಲರ ಕೈಗೂ ಅದು ಎಟುಕದು. ಆದರೆ ನಾಮಕರಣದ ಔತಣಕ್ಕೆ ಸಾವಿರಾರು ರೂಪಾಯಿ ಖರ್ಚು ಮಾಡುವ, ಕಾರನ್ನೇ ಕೊಳ್ಳುವ ಕುಟುಂಬಕ್ಕೆ ಈ ನೆಪ ಸಲ್ಲದು. ಹಸುಗೂಸಿಗೆ ಆಟಿಕೆಗಳನ್ನು ತರುವ ಬಂಧುಗಳು ಒಟ್ಟುಗೂಡಿ ಒಂದು ಸೀಟು ಕೊಡಿಸಬಾರದೇ? ಸೀಟಿಲ್ಲದವರು ಮಕ್ಕಳನ್ನು ಹಿಂದೆ ಕೂರಿಸಬಹುದು, ಬೆಲ್ಟ್ ಸರಿಹೊಂದುವ ಮಕ್ಕಳಿಗೆ ಹಾಕಿಸಬಹುದು, ನಿಧಾನವಾಗಿ ಹೋಗಬಹುದು. ನಿಧಾನಕ್ಕೆ ಖರ್ಚಿಲ್ಲ. ಸ್ತ್ರೀಯರಿದ್ದ ಒಂಟೆಗಳನ್ನು ವೇಗವಾಗಿ ಓಡಿಸುತ್ತಿದ್ದ ಅಂಜಶ(ರ) ಎಂಬವರಿಗೆ ಪ್ರವಾದಿ(ಸ)ಯವರು, ಒಳಗಿರುವವರನ್ನು ಗಾಜಿನ ಪಾತ್ರೆಗಳಿಗೆ ಹೋಲಿಸಿ, ಮೆಲ್ಲಗೆ ನಡೆಸುವಂತೆ ಸೂಚಿಸಿದ್ದರು.

"ಸೀಟಿನಲ್ಲಿ ಕೂರಿಸಿದರೆ ಮಗು ಅಳುತ್ತದೆ" ಎನ್ನುವ ತಾಯಂದಿರೇ, ಚುಚ್ಚುಮದ್ದಿಗೂ ಅದು ಅಳುತ್ತದೆ. ಆಗ ನೀವು ಅದನ್ನು ಬಿಗಿಯಾಗಿ ಹಿಡಿಯುವುದೂ ವಾತ್ಸಲ್ಯವೇ ಅಲ್ಲವೇ?

ನಾನೀಗ ಮಗನನ್ನು ಸ್ಕೂಟರಿನ ಮುಂದೆ ನಿಲ್ಲಿಸುವುದಿಲ್ಲ. ಅವನಿಗೊಂದು ಸಣ್ಣ ಹೆಲ್ಮೆಟ್, ಒಂದು ಪಟ್ಟಿ ತಂದಿದ್ದೇನೆ. ಮೊದಲ ದಿನ ಮದ್ರಸದ ಮಕ್ಕಳು ನಕ್ಕರು. ನಗಲಿ. ನಾವು ವಾಹನವೇರುವಾಗ ಅದನ್ನು ನಮಗೆ ಅಧೀನಪಡಿಸಿಕೊಟ್ಟ ಅಲ್ಲಾಹನನ್ನು ಸ್ಮರಿಸಿ, ಅವನೆಡೆಗೇ ಮರಳುವವರೆಂದು ಹೇಳಿಕೊಳ್ಳುತ್ತೇವೆ. ಮರಳುವುದು ಖಚಿತ. ಆದರೆ ಮರಳಿದಾಗ ಅಮಾನತಿನ ಲೆಕ್ಕ ಒಪ್ಪಿಸಬೇಕಾದುದೂ ಅಷ್ಟೇ ಖಚಿತ. ಆದ್ದರಿಂದ ಮೊದಲು ಪಟ್ಟಿ ಬಿಗಿಯೋಣ, ಆಮೇಲೆ ದುಆ ಹೇಳೋಣ, ಅನಂತರ ಗಾಡಿ ಹೊರಡಿಸೋಣ.

ಅಲ್ಲಾಹನು ನಮ್ಮ ಮಕ್ಕಳನ್ನು ಕಾಪಾಡಲಿ, ಅವರನ್ನು ಕಾಪಾಡುವ ವಿವೇಕವನ್ನು ನಮಗೂ ಕರುಣಿಸಲಿ. ಆಮೀನ್.