ಅಂಕಿಗಿಂತ ಮೊದಲೇ ಬಿದ್ದ ಚಿಹ್ನೆ



ಇಂದಿನ ಚಿಂತನೆಯ ಸರದಿ ನನ್ನದು. ಯಾವುದಾದರೂ ಒಂದು ಸುತ್ತವನ್ನು ತೆಗೆದುಕೊಂಡು ಬರೆಯಬೇಕೆಂದಿದ್ದೆ. ಆದರೆ ಹದಿನೈದು ದಿನದಿಂದ ತಲೆಯಲ್ಲಿ ಕೂತಿರುವುದು ಒಂದು ಆಟ. ಅದನ್ನೇ ಹೇಳುತ್ತೇನೆ.

ಆಟದ ಹೆಸರು ಫುಟೋಶಿಕಿ. ಜಪಾನಿನದು. ಗಣಿತದಲ್ಲಿ ಅಸಮತೆ ಅನ್ನುತ್ತಾರಲ್ಲ, ಅದೇ ಆ ಪದದ ಅರ್ಥ. ಸುಡೊಕು ಬಿಡಿಸುವವರಿಗೆ ಬೇಗ ಹಿಡಿಸುತ್ತದೆ. ಅಡ್ಡ ಐದು, ಉದ್ದ ಐದು, ಒಟ್ಟು 25 ಮನೆ. ಪ್ರತಿ ಅಡ್ಡಸಾಲಿನಲ್ಲೂ ಪ್ರತಿ ಕಂಬಸಾಲಿನಲ್ಲೂ 1ರಿಂದ 5ರವರೆಗಿನ ಅಂಕಿಗಳು ಒಂದೊಂದೇ ಸಲ ಬರಬೇಕು. ಅಲ್ಲಲ್ಲಿ ಅಕ್ಕಪಕ್ಕದ ಮನೆಗಳ ನಡುವೆ ಹೆಚ್ಚು–ಕಡಿಮೆಯ ಚಿಹ್ನೆ ಅಚ್ಚಾಗಿರುತ್ತದೆ. ಚಿಕ್ಕ ಮಕ್ಕಳಿಗೆ ಮೊಸಳೆ ಬಾಯಿ ಎಂದು ಕಲಿಸುತ್ತೇವಲ್ಲ, ದೊಡ್ಡದರ ಕಡೆಗೆ ಬಾಯಿ ತೆರೆದಿರುವುದು, ಅದೇ. ಅದನ್ನು ಮೀರುವಂತಿಲ್ಲ. ಸ್ಟಾಫ್ ರೂಮಿನಲ್ಲಿ ಗಣಿತದ ಮೇಡಂ ಕಲಿಸಿದರು. ಕನ್ನಡ ಎಂ.ಎ. ಮಾಡಿದ ನನಗೆ ಅಂಕಿಗಳ ಸಹವಾಸ ಕಡಿಮೆ. ಆದರೂ ಊಟದ ಬಿಡುವಿನಲ್ಲಿ ಡಬ್ಬಿ ಮುಚ್ಚುವುದೇ ತಡ, ಪೆನ್ಸಿಲ್ ಕೈಗೆ ಬರುವಷ್ಟು ಅಂಟಿಕೊಂಡಿತು.

ಮೊದಲ ದಿನವೇ ಒಂದು ಸಂಗತಿ ಕಾಡಿತು. ಮನೆ ಖಾಲಿ ಇರುವಾಗಲೇ ಅದರ ಬಗ್ಗೆ ಅರ್ಧ ತೀರ್ಮಾನ ಆಗಿರುತ್ತದೆ. ಪಕ್ಕದ ಮನೆಗಿಂತ ಕಡಿಮೆ ಎಂದು ಗುರುತು ಬಿದ್ದರೆ ಆ ಮನೆಗೆ 5 ಎಂದೂ ಬಾರದು. ಎರಡು ಚಿಹ್ನೆ ಒಂದೇ ದಿಕ್ಕಿಗೆ ಸಾಲಾಗಿದ್ದರೆ ತುದಿಯ ಚಿಕ್ಕ ಮನೆಗೆ 4 ಕೂಡ ಇಲ್ಲ. ಐದು ಮನೆಯ ಸಾಲಿನಲ್ಲಿ ನಾಲ್ಕೂ ಚಿಹ್ನೆ ಒಂದೇ ಕಡೆ ತಿರುಗಿದ್ದರಂತೂ ಮುಗಿದೇ ಹೋಯಿತು. ಒಂದು ಅಂಕಿಯನ್ನೂ ಕೊಡಬೇಕಿಲ್ಲ, ಐದೂ ತಾವಾಗಿ ಕೂತುಬಿಡುತ್ತವೆ. ನಾಲ್ಕು ವರ್ಣ, ಅದರಾಚೆ ಐದನೆಯವರು. ಈ ಬಳಗಕ್ಕೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಬಾಬಾಸಾಹೇಬರು ಹೇಳಿದ ಶ್ರೇಣೀಕೃತ ಅಸಮಾನತೆಯ ಬಗ್ಗೆ ಎಷ್ಟೋ ಏಪ್ರಿಲ್ 14ರಂದು ಭಾಷಣ ಮಾಡಿದ್ದೇನೆ. ಸಾಲಿನ ನಡುವಿನ ಒಂದು ಮನೆಯಲ್ಲಿ ಸಿಕ್ಕಿಕೊಂಡಾಗ ಅದು ಬೇರೆ ರೀತಿ ಅರ್ಥವಾಯಿತು. ಆ ಮನೆ ಒಂದು ಕಡೆಯದಕ್ಕಿಂತ ಕಡಿಮೆ, ಇನ್ನೊಂದು ಕಡೆಯದಕ್ಕಿಂತ ಹೆಚ್ಚು. ಅದಕ್ಕೆ 5 ಸಿಗುವುದಿಲ್ಲ, ಆದರೆ 1 ಕೂಡ ಅಲ್ಲ. ಆ 1 ಅಲ್ಲ ಎಂಬ ಸಮಾಧಾನಕ್ಕೇ ಮನುಷ್ಯ ಎಷ್ಟು ತಲೆಮಾರು ಬೇಕಾದರೂ ಸುಮ್ಮನಿರಬಲ್ಲ.

ಅದೇ ವಾರ ತಂಗಿ ಫೋನ್ ಮಾಡಿದಳು. ಮಗಳಿಗೆ ಒಂದು ಸಂಬಂಧ ಬಂದಿದೆಯಂತೆ. ಹುಡುಗ ನರ್ಸಿಂಗ್ ಓದಿ ಕೆಲಸದಲ್ಲಿದ್ದಾನೆ. ಮನೆಯವರೆಲ್ಲ ದೀಕ್ಷೆ ತೆಗೆದುಕೊಂಡವರು, ದಿನವೂ ತ್ರಿಶರಣ ಪಂಚಶೀಲ ಹೇಳುವವರು. ಆದರೆ ಅವರು ಹುಟ್ಟಿದ್ದು ನಮ್ಮ ಜಾತಿಯಲ್ಲಲ್ಲ, ಪರಿಶಿಷ್ಟರ ಪಟ್ಟಿಯೊಳಗಿನ ಇನ್ನೊಂದರಲ್ಲಿ. ಹುಡುಗನ ಗುಣ, ದುಡಿಮೆ ಏನನ್ನೂ ಕೇಳುವ ಮೊದಲೇ ನನ್ನ ಬಾಯಿಂದ ಬಂದದ್ದು, "ಅವರ ಕಡೆಯವರಾ? ಇರು, ನೋಡೋಣ." ತಂಗಿ ಸ್ವಲ್ಪ ಹೊತ್ತು ಸುಮ್ಮನಿದ್ದು ಫೋನ್ ಇಟ್ಟಳು.

ಮನೆ ಇನ್ನೂ ಖಾಲಿ ಇತ್ತು. ಚಿಹ್ನೆ ಬಿದ್ದಾಗಿತ್ತು. ಹಾಕಿದವನು ಮನುವಲ್ಲ, ನಾನು.

ಉಪಾಲಿಯ ಕಥೆ ನಮಗೆಲ್ಲ ಗೊತ್ತು. 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಬಾಬಾಸಾಹೇಬರು ಹೇಳಿದ್ದಾರೆ. ಅನುರುದ್ಧ, ಭದ್ದಿಯ, ಆನಂದ ಮೊದಲಾದ ಶಾಕ್ಯ ಕುಮಾರರು ಭಗವಾನರ ಬಳಿಗೆ ಹೊರಟಾಗ ಜೊತೆಗಿದ್ದವನು ಕ್ಷೌರಿಕ ಉಪಾಲಿ. ನಮಗಿಂತ ಮೊದಲು ಇವನಿಗೆ ದೀಕ್ಷೆ ಕೊಡಿ, ನಾವು ಇವನಿಗೆ ನಮಸ್ಕರಿಸುವಂತಾಗಲಿ, ನಮ್ಮ ಶಾಕ್ಯರ ಗರ್ವ ಇಳಿಯಲಿ ಎಂದು ಆ ಕುಮಾರರೇ ಕೇಳಿಕೊಂಡರು. ಸಂಘದಲ್ಲೂ ಹಿಂದು ಮುಂದು ಇದೆ, ಆದರೆ ಅದು ಒಳಗೆ ಬಂದ ಹೊತ್ತಿನದು, ಹುಟ್ಟಿನದಲ್ಲ. ಮಕ್ಕಳಿಗೆ ಈ ಕಥೆ ಹೇಳುವಾಗಲೆಲ್ಲ ನಾನು ಉಪಾಲಿಯ ಪಕ್ಕದಲ್ಲಿ ನಿಂತಿರುತ್ತಿದ್ದೆ. ಆ ಜಾಗ ನನ್ನದೇ ಎಂದು ಯಾವ ಅನುಮಾನವೂ ಇರಲಿಲ್ಲ. ಈ ಸಲ ಓದುವಾಗ ಕುಮಾರರ ಸಾಲಿನಲ್ಲಿದ್ದೆ, ಅದೂ ಇನ್ನೂ ಬಾಯಿ ಬಿಟ್ಟು ಕೇಳದವರ ಸಾಲಿನಲ್ಲಿ. ಅವರನ್ನು ಯಾರೂ ಒತ್ತಾಯಿಸಿರಲಿಲ್ಲ ಎಂಬುದೇ ಚುಚ್ಚಿತು.

1956ರ ಅಕ್ಟೋಬರ್ 14ರ ದೀಕ್ಷೆಯ 22 ಪ್ರತಿಜ್ಞೆಗಳನ್ನು ತೆಗೆದು ನೋಡಿ. ಮನುಷ್ಯರೆಲ್ಲ ಸಮಾನರೆಂದು ನಂಬುವುದು ಒಂದು ಪ್ರತಿಜ್ಞೆ, ಸಮಾನತೆ ತರಲು ಶ್ರಮಿಸುವುದು ಬೇರೆಯೇ ಒಂದು. ಒಂದು ಹೇಳಿದರೆ ಇನ್ನೊಂದೂ ಬಂದಂತೆ ಎಂದು ಇಷ್ಟು ವರ್ಷ ಉಸಿರು ಬಿಡದೆ ಹೇಳಿಕೊಂಡು ಹೋಗಿದ್ದೆ.

ಅಚ್ಚಾದ ಚಿಹ್ನೆಯನ್ನು ಅಳಿಸಿದರೆ ಆಟ ಕೆಡುತ್ತದೆ ಅನ್ನುತ್ತಾರೆ ನಮ್ಮ ಮೇಡಂ. ಆಟದ ಮಟ್ಟಿಗೆ ಸರಿ. ನಾನು ಹಾಕಿದ್ದನ್ನು ನಾನೇ ಅಳಿಸಬೇಕಿತ್ತು. ಮೊನ್ನೆ ರಾತ್ರಿ ತಂಗಿಗೆ ಫೋನ್ ಮಾಡಿ ತಪ್ಪಾಯಿತು ಎಂದೆ. "ಅಣ್ಣಾ, ನೀನಂದ ಮಾತು ಅವರ ಕಿವಿಗೂ ಬಿದ್ದಿದೆ" ಎಂದಳು.

ಈ ಭಾನುವಾರ ನಾವೇ ಅವರ ಮನೆಗೆ ಹೋಗುತ್ತಿದ್ದೇವೆ. ಅವರು ಬೇಡ ಎಂದರೂ ಎನ್ನಬಹುದು, ಎನ್ನುವ ಹಕ್ಕು ಅವರಿಗಿದೆ. ಇಷ್ಟೆಲ್ಲ ಆದರೂ ಹುಡುಗಿಯನ್ನು ಇನ್ನೂ ಯಾರೂ ಒಂದು ಮಾತು ಕೇಳಿಲ್ಲ. ಇಂದು ಸಂಜೆ ಅವಳಿಗೆ ಫೋನ್ ಮಾಡುತ್ತೇನೆ.

ಜೈ ಭೀಮ್.