ಅದೇ ಕೈಯ ನಿಗ್ರಹ

ಇಂದ್ರಿಯವನ್ನು ನಿಗ್ರಹಿಸುವುದೆಂದರೆ ಅದನ್ನು ಇಲ್ಲವಾಗಿಸುವುದೇ? ಜತ್ತ ತಾಲೂಕಿನಲ್ಲಿ ಬೆಳೆದವರಿಗೆ ಈ ಪ್ರಶ್ನೆ ದೂರದ್ದಲ್ಲ. ತತ್ವಜ್ಞಾನಿ ಗುರುದೇವ ರಾನಡೆಯವರ ಗುರುಗಳಾದ ಉಮದಿಯ ಭಾವುಸಾಹೇಬ ಮಹಾರಾಜರು (1843–1914) ಹಿಡಿದದ್ದು ಪಿಪೀಲಿಕಾ ಮಾರ್ಗ. ಇರುವೆಯ ನಡೆಯಂತೆ ನಿಧಾನವಾಗಿ, ದಿನವೂ ಗಂಟೆಗಟ್ಟಲೆ ಮನಸ್ಸನ್ನು ನಾಮದಲ್ಲಿ ನಿಲ್ಲಿಸುವ ಸಾಧನೆ ಅದು. ಅದೇ ತಾಲೂಕಿನ ಉಮರಾಣಿಯ ಲಿಂಗಮ್ಮ ಕಲ್ಯಾಣದ ಶರಣರನ್ನು ಅರಸಿ ಹೋಗಿ ದಾನಮ್ಮಳಾದಳೆಂದು ನಮ್ಮ ಹಿರಿಯರು ಹೇಳುತ್ತಾರೆ. ಗುಡ್ಡಾಪುರದಲ್ಲಿ ನಾವು ಕೈಮುಗಿಯುವುದು ಅವಳಿಗೇ. ಅವಳು ಅರಸಿ ಹೋದ ಬಸವಣ್ಣನವರೋ, ಬಲವಂತದ ನಿಗ್ರಹದಿಂದ ದೋಷ ಹುಟ್ಟುತ್ತದೆಂದು ಎಚ್ಚರಿಸಿದವರು. ಅದಕ್ಕೆ ಅವರು ಕೊಟ್ಟ ಸಾಕ್ಷಿ, ಸತಿಪತಿಯಾಗಿಯೇ ಬಾಳಿದ ಶಿವಭಕ್ತರಾದ ಸಿರಿಯಾಳ-ಚಂಗಳೆಯರ ಸಂಸಾರ.

ಆ ಸಾಧನೆ, ಈ ಎಚ್ಚರಿಕೆ ಎರಡನ್ನೂ ಒಟ್ಟಿಗೆ ಹಿಡಿಯುವುದು ಹೇಗೆಂದು ನನಗೆ ತಿಳಿದದ್ದು ಗಿಟಾರಿನ ಮೇಲೆ. ಕನ್ನಡ ಶಾಲೆಯಲ್ಲಿ ಪಾಠ ಹೇಳುವ ನಾನು, ರಜೆಯ ದಿನ ಸಾಂಗಲಿಗೆ ಹೋಗಿ ಕ್ಲಾಸಿಕಲ್ ಗಿಟಾರ್ ಕಲಿಯುತ್ತೇನೆ. ಈಗ ನಡೆದಿರುವುದು ಪಿಜ್ಜಿಕಾಟೊ. ಪಿಟೀಲಿನಲ್ಲಿ ಕಮಾನು ಬಿಟ್ಟು ಬೆರಳಿನಿಂದ ಮೀಟುವುದಕ್ಕೆ ಆ ಹೆಸರು. ಕ್ಲಾಸಿಕಲ್ ಗಿಟಾರನ್ನು ಯಾವಾಗಲೂ ಬೆರಳಿನಿಂದಲೇ ಮೀಟುವುದರಿಂದ, ಅಲ್ಲಿ ಅದು ಬೇರೆಯೇ ಕೆಲಸ: ಬಲ ಅಂಗೈಯ ಕಿರುಬೆರಳಿನ ಕಡೆಯ ಅಂಚನ್ನು ಬ್ರಿಜ್ಜಿನ ಹತ್ತಿರ ತಂತಿಗಳ ಮೇಲೆ ಹಗುರಾಗಿ ಇಟ್ಟು, ಹೆಬ್ಬೆರಳಿನ ಮಾಂಸದಿಂದ ಮೀಟಬೇಕು. ಆಗ ದನಿ ಗಿಡ್ಡದಾಗಿ, ದುಂಡಗೆ ಬರುತ್ತದೆ.

ಎಲ್ಲವೂ ನಿಂತಿರುವುದು ಅಂಗೈ ಕೂರುವ ಜಾಗದ ಮೇಲೆ. ತುಸು ಹಿಂದೆ ಸರಿದರೆ ತಂತಿ ಎಂದಿನಂತೆ ಮೊಳಗುತ್ತದೆ. ತುಸು ಮುಂದೆ ಬಂದರೆ ಸ್ವರವೇ ಸತ್ತು, ಬರೀ ಟಪ್ಪೆನ್ನುವ ಸದ್ದು ಉಳಿಯುತ್ತದೆ. ಮಂದ್ರದ ತಂತಿಗಳು ದಪ್ಪ, ಅವುಗಳ ನಾದ ಬಹಳ ಹೊತ್ತು ನಿಲ್ಲುತ್ತದೆ. ಅಲ್ಲಿ ಒತ್ತು ಜಾಸ್ತಿ ಬೇಕು. ತೆಳು ತಂತಿಗಳಿಗೆ ಅಷ್ಟೇ ಭಾರ ಹಾಕಿದರೆ ಅವು ಉಸಿರೇ ಎತ್ತುವುದಿಲ್ಲ. ಅಂಗೈಯ ಮೆತ್ತನೆಯ ಮಾಂಸ ಕಂಪನವನ್ನು ಹೀರಿಕೊಂಡಾಗ ಮೇಲಿನ ಅನುಸ್ವರಗಳು ಬೇಗ ಅಡಗುತ್ತವೆ. ಆದರೆ ಷಡ್ಜ ಷಡ್ಜವಾಗಿಯೇ ಇರಬೇಕು. ಇದೇ ನಿಗ್ರಹದ ಮೊದಲ ಪರೀಕ್ಷೆ: ಅನುರಣನ ಹೋಗಲಿ, ಸ್ವರ ಉಳಿದಿದೆಯೇ?

ಮುಟ್ಟುವುದೇ ನಾದಕ್ಕೆ ವೈರಿಯೂ ಅಲ್ಲ. ನಮ್ಮ ಸಾಂಗಲಿ ಜಿಲ್ಲೆಯದೇ ಆದ ಮಿರಜದಲ್ಲಿ ತಂಬೂರಿ ಕಟ್ಟುವವರು ತಂತಿಗೂ ಬ್ರಿಜ್ಜಿಗೂ ನಡುವೆ ಒಂದು ನೂಲೆಳೆ ಸೇರಿಸುತ್ತಾರೆ. ಆ ಸ್ಪರ್ಶದಿಂದ ತಂತಿ ಅನುಸ್ವರಗಳಿಂದ ತುಂಬಿ ಬಿಚ್ಚಿಕೊಳ್ಳುತ್ತದೆ. ಅಲ್ಲಿ ಬ್ರಿಜ್ಜಿನ ಬಳಿಯ ಸ್ಪರ್ಶ ನಾದವನ್ನು ಬೆಳೆಸುತ್ತದೆ, ಇಲ್ಲಿ ಅಡಗಿಸುತ್ತದೆ. ಎರಡೂ ಸಂಗೀತವೇ.

ಎರಡನೆಯ ಪರೀಕ್ಷೆ ನನಗೆ ಇನ್ನೂ ಮುಖ್ಯ. ಪಿಜ್ಜಿಕಾಟೊದಲ್ಲಿ ಮೀಟುವ ಕೈಯೇ ಅಡಗಿಸುವ ಕೈ. ಹೆಬ್ಬೆರಳು ದನಿ ಎಬ್ಬಿಸುತ್ತದೆ, ಅದೇ ಕೈಯ ಅಂಚು ಅದಕ್ಕೆ ಮಿತಿ ಹಾಕುತ್ತದೆ. ಬೇರೊಬ್ಬರು ಬಂದು ನನ್ನ ತಂತಿಯ ಮೇಲೆ ಅಂಗೈ ಇಟ್ಟರೆ ಅದಕ್ಕೆ ನುಡಿಸುವುದು ಎನ್ನಲಾಗದು. ಚಿಕ್ಕವಳಿದ್ದಾಗ ಭಜನೆಯಲ್ಲಿ ನಾನು ದನಿ ಎತ್ತಿದರೆ ಹಿರಿಯರೊಬ್ಬರು, ‘ಹೆಣ್ಣುಮಕ್ಕಳ ಸೊಲ್ಲು ಅಂಗಳಾ ದಾಟಬಾರದು’ ಎನ್ನುತ್ತಿದ್ದರು. ಅದನ್ನು ಸಂಯಮ ಎಂದು ಕಲಿಸಿದರು. ನನ್ನ ಅವ್ವ ಮಾತ್ರ, ‘ಸಣ್ಣ ದನೀಲೆ ಹಾಡು ಬೇಕಾದರ, ಆದರ ಹಾಡು ನುಂಗಬ್ಯಾಡ’ ಎಂದಳು. ಹಿರಿಯರು ಕೇಳಿದ್ದು ಮೌನ, ಅವ್ವ ಕೇಳಿದ್ದು ಮಿತಿ. ಎರಡಕ್ಕೂ ಒಂದೇ ಹೆಸರಿಟ್ಟು ಧರ್ಮದ ಹೆಸರಿನಲ್ಲಿ ಎಷ್ಟು ಕೊರಳುಗಳನ್ನು ಅಡಗಿಸಿದ್ದೇವೆ!

ಹಾಗಾದರೆ ಗುರುವಿನ ಕೈಗೆ ಏನು ಕೆಲಸ? ನನ್ನ ಗಿಟಾರ್ ಗುರುಗಳು ಜಾಗ ತೋರಿಸುತ್ತಾರೆ. ಭಾರ ಎಷ್ಟೆಂದು ನನ್ನ ಅಂಗೈಯೇ ಅರಿಯಬೇಕು. ಉಮದಿಯ ಪರಂಪರೆಯಲ್ಲೂ ಗುರು ನಾಮ ಕೊಡುತ್ತಾರೆ, ಧ್ಯಾನಕ್ಕೆ ಶಿಷ್ಯನೇ ಕೂರಬೇಕು. ಭಾವುಸಾಹೇಬರ ಕಠಿಣ ಸಾಧನೆಯೂ ಬಸವಣ್ಣನವರ ಎಚ್ಚರಿಕೆಯೂ ನನಗೆ ಕೂಡಿಬರುವುದು ಇಲ್ಲಿಯೇ: ತಾನಾಗಿ ಹೊತ್ತ ಕಟ್ಟಳೆ ಎಷ್ಟೇ ಬಿಗಿಯಾಗಿದ್ದರೂ ಸಾಧನೆ, ಹೇರಿದ ಕಟ್ಟಳೆ ಎಷ್ಟೇ ಸಡಿಲವಿದ್ದರೂ ದೋಷದ ಬೀಜ.

ಆದ್ದರಿಂದ ಮಕ್ಕಳಿಗಾಗಲಿ, ಸೊಸೆಯರಿಗಾಗಲಿ, ಶಿಷ್ಯರಿಗಾಗಲಿ ಉಪವಾಸ, ಮೌನ, ವ್ರತವೆಂದು ಹೇಳುವ ಮೊದಲು ನಾವು ಎರಡು ಮಾತು ಕೇಳಿಕೊಳ್ಳಬೇಕು. ಇದಾದ ಮೇಲೂ ಅವರ ಸ್ವರ ಅವರದಾಗಿಯೇ ಕೇಳಿಸೀತೇ? ತಂತಿಯ ಮೇಲಿರುವ ಅಂಗೈ ಅವರದೇ? ಎರಡಕ್ಕೂ ಹೌದೆನ್ನಲಾಗದಿದ್ದರೆ ನಾವು ಕೈ ತೆಗೆಯಬೇಕು.